ಮೂರು ನೋಡ್‌ಗಳ ಕ್ಯಾಸಾಂಡ್ರಾ ಓಡುತ್ತಿದೆ, ಆದರೆ ಒಂದನ್ನು ನಿಲ್ಲಿಸಿದರೆ ನನ್ನ ಪ್ರೋಗ್ರಾಂ ಬಿದ್ದುಹೋಗುತ್ತದೆ. ಯಾಕೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಮ್ಯಾಕ್ ಲ್ಯಾಪ್‌ಟಾಪ್‌ನಲ್ಲಿ ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್ ಅನ್ನುವ ಬೇರೆ ಬೇರೆ ಡಬ್ಬಗಳಲ್ಲಿ ಓಡಿಸುವ ಟೂಲ್) ಬಳಸಿ ಮೂರು ಕಂಟೇನರ್‌ಗಳಲ್ಲಿ ಅಪಾಚೆ ಕ್ಯಾಸಾಂಡ್ರಾ ಶುರು ಮಾಡಿದ್ದೀರಿ. ಇದು ಡೇಟಾವನ್ನು ಹಲವು ಮಷೀನ್‌ಗಳಿಗೆ ಹಂಚಿ ಇಡುವ ಡೇಟಾಬೇಸ್. ಅಂಥ ಒಂದೊಂದು ಮಷೀನೂ ಒಂದು ನೋಡ್, ನಿಮ್ಮಲ್ಲಿ ಒಂದೊಂದು ಕಂಟೇನರೂ ಒಂದು ನೋಡ್. ಮೊದಲನೆಯ ಕಂಟೇನರ್‌ನ 9042 ಪೋರ್ಟನ್ನು ಹೊರಗೆ ತೆರೆದಿದ್ದೀರಿ. ಪೈಥಾನ್ ಪ್ರೋಗ್ರಾಂ 127.0.0.1ಕ್ಕೆ, ಅಂದರೆ ಅದೇ ಲ್ಯಾಪ್‌ಟಾಪ್‌ಗೆ, ಕನೆಕ್ಟ್ ಆಗುತ್ತದೆ, ಸಾಲು ಬರೆಯುತ್ತದೆ, ಓದುತ್ತದೆ. ಆದರೆ ಲಾಗ್ ತುಂಬ 172.18.0.3, 172.18.0.4 ಸಿಗುತ್ತಿಲ್ಲ ಅನ್ನುವ ಎಚ್ಚರಿಕೆಗಳು. ಈ ಅಡ್ರೆಸ್‌ಗಳನ್ನು ನೀವು ಕೋಡ್‌ನಲ್ಲಿ ಎಲ್ಲೂ ಬರೆದಿಲ್ಲ. ಮೊದಲನೆಯ ಕಂಟೇನರ್ ನಿಲ್ಲಿಸಿದ ಕೂಡಲೇ 'ನೋ ಹೋಸ್ಟ್ ಅವೈಲಬಲ್' ಅಂತ ಬರುತ್ತದೆ. ಉಳಿದೆರಡು ನೋಡ್ ಜೀವಂತ ಇವೆ, ನೋಡ್‌ಗಳ ಸ್ಥಿತಿ ತೋರಿಸುವ ನೋಡ್‌ಟೂಲ್ ಹಾಗೇ ಹೇಳುತ್ತಿದೆ. ಗೆಳೆಯನ ಉಬುಂಟು ಮಷೀನ್‌ನಲ್ಲಿ ಇದೇ ಕೋಡ್‌ಗೆ ಏನೂ ತೊಂದರೆ ಇಲ್ಲ. "ಒಂದು ಬಿದ್ದರೂ ನಡೀಬೇಕು ಅಂತಾನೇ ತಾನೆ ಇದನ್ನ ಹಾಕಿದ್ದು?" ಅಂತ ಕೇಳಿದ್ದೀರಿ.

ನಿಜ, ಅದಕ್ಕೇ ಹಾಕೋದು. ನಿಮ್ಮ ಲ್ಯಾಪ್‌ಟಾಪ್ ಚೆನ್ನಾಗಿದೆ, ಕೋಡೂ ಹೆಚ್ಚುಕಡಿಮೆ ಸರಿ ಇದೆ. ಸಿಕ್ಕಿಬಿದ್ದಿರೋದು ಅಡ್ರೆಸ್‌ನಲ್ಲಿ.

ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಇಂಟರ್‌ಕಾಂ ಇದೆ. 204 ಒತ್ತಿದರೆ ಎರಡನೇ ಮಹಡಿಯವರು ಎತ್ತಿಕೊಳ್ಳುತ್ತಾರೆ. ಊರಿಂದ ಬಂದ ಅತ್ತೆ ಸೆಕ್ಯೂರಿಟಿ ಹತ್ತಿರ "ಅವರ ನಂಬರ್ ಕೊಡಿ" ಅಂದರಂತೆ. ಅವನು 204 ಅಂದ. ಅತ್ತೆ ಅದನ್ನು ಮೊಬೈಲ್‌ನಲ್ಲಿ ಒತ್ತಿ ಒತ್ತಿ ಸುಸ್ತಾದರು. ಸೆಕ್ಯೂರಿಟಿ ಹೇಳಿದ್ದು ಸುಳ್ಳಲ್ಲ. ಆದರೆ ಆ ನಂಬರು ಗೇಟ್ ಒಳಗೆ ಮಾತ್ರ ನಡೆಯುತ್ತದೆ. ನಿಮ್ಮ ಪ್ರೋಗ್ರಾಂಗೂ ಇದೇ ಗತಿ ಆಗಿದೆ.

ಮೈಎಸ್‌ಕ್ಯೂಎಲ್ ಥರದ ಒಂಟಿ ಡೇಟಾಬೇಸ್ ಬಳಸಿದವರಿಗೆ ಕನೆಕ್ಟ್ ಆಗೋದು ಅಂದರೆ ಒಂದು ಅಡ್ರೆಸ್, ಒಂದು ಪೋರ್ಟ್, ಅಷ್ಟೇ. ಕ್ಯಾಸಾಂಡ್ರಾದಲ್ಲಿ ನೀವು ಕೊಡುವ ಅಡ್ರೆಸ್ ಬರೀ ಮೊದಲ ಬಾಗಿಲು. ಡ್ರೈವರ್ (ನಿಮ್ಮ ಪ್ರೋಗ್ರಾಂ ಪರವಾಗಿ ಕ್ಯಾಸಾಂಡ್ರಾ ಜೊತೆ ಮಾತಾಡುವ ಲೈಬ್ರರಿ) ಆ ನೋಡ್‌ಗೆ ಹೋಗಿ "ನಿಮ್ಮ ಗುಂಪಿನಲ್ಲಿ ಇನ್ನು ಯಾರ್ಯಾರಿದ್ದಾರೆ?" ಅಂತ ಕೇಳುತ್ತದೆ. ಉತ್ತರ ಸಿಗೋದು ಸಿಸ್ಟಂ ಅನ್ನುವ ಕೀಸ್ಪೇಸ್‌ನ (ಟೇಬಲ್‌ಗಳ ಗುಂಪು) ಪೀರ್ಸ್ ಟೇಬಲ್‌ನಿಂದ. ಅಲ್ಲಿ ಪ್ರತಿ ನೋಡ್ ತನ್ನದು ಅಂತ ಸಾರಿಕೊಂಡ ಅಡ್ರೆಸ್ ಇರುತ್ತದೆ. ಆಮೇಲೆ ಡ್ರೈವರ್ ಪ್ರತಿಯೊಂದಕ್ಕೂ ತಾನೇ ನೇರವಾಗಿ ಕನೆಕ್ಟ್ ಆಗಲು ಹೊರಡುತ್ತದೆ. ಯಾವ ಸಾಲು ಯಾವ ನೋಡ್‌ನಲ್ಲಿದೆ ಅಂತ ಲೆಕ್ಕ ಹಾಕಿ ಅಲ್ಲಿಗೇ ಪ್ರಶ್ನೆ ಕಳಿಸೋದು ಅದರ ಜಾಣತನ. ನಿಮ್ಮ ಕಂಟೇನರ್‌ಗಳು ಸಾರಿಕೊಂಡದ್ದು ಡಾಕರ್ ಒಳಗಿನ 172.18 ಅಡ್ರೆಸ್. ಅದು ಇಂಟರ್‌ಕಾಂ ನಂಬರ್. ಎರಡು ನೋಡ್ ಸಿಗಲಿಲ್ಲ, ಡ್ರೈವರ್ ಗೊಣಗಿಕೊಂಡು ಸಿಕ್ಕ ಒಂದರಲ್ಲೇ ಕೆಲಸ ಸಾಗಿಸಿತು. ನೀವು ಆ ಒಂದನ್ನೂ ನಿಲ್ಲಿಸಿದಿರಿ.

ಹಾಗಾದರೆ ಉಬುಂಟುವಿನಲ್ಲಿ ಯಾಕೆ ನಡೆಯಿತು? ಲಿನಕ್ಸ್‌ನಲ್ಲಿ ಡಾಕರ್ ನೇರವಾಗಿ ಆ ಮಷೀನ್ ಮೇಲೇ ಓಡುತ್ತದೆ. ಕಂಟೇನರ್‌ಗಳ ಒಳಗಿನ ಅಡ್ರೆಸ್‌ಗೆ ಮಷೀನ್‌ನಿಂದ ದಾರಿ ಇರುತ್ತದೆ. ಮ್ಯಾಕ್ ಮತ್ತು ವಿಂಡೋಸ್‌ನಲ್ಲಿ ಡಾಕರ್ ಡೆಸ್ಕ್‌ಟಾಪ್ ಒಂದು ಚಿಕ್ಕ ಲಿನಕ್ಸ್ ವರ್ಚುವಲ್ ಮಷೀನ್ ಒಳಗೆ ಕಂಟೇನರ್ ಓಡಿಸುತ್ತದೆ. ಆ ಅಡ್ರೆಸ್ ಇರೋದು ಅದರೊಳಗೆ. ನಿಮ್ಮ ಗೆಳೆಯ ಗೇಟ್ ಒಳಗೆ ನಿಂತಿದ್ದಾನೆ, ನೀವು ಹೊರಗೆ.

ನೋಡ್‌ಟೂಲ್ ತೋರಿಸುವ 'ಯುಎನ್' ನೋಡಿ ಮೋಸ ಹೋಗಬೇಡಿ. ಯು ಅಂದರೆ ಎದ್ದಿದೆ, ಎನ್ ಅಂದರೆ ಮಾಮೂಲಿ ಸ್ಥಿತಿಯಲ್ಲಿದೆ. ಅದು ನೋಡ್‌ಗಳು ತಮ್ಮ ತಮ್ಮಲ್ಲೇ 7000 ಪೋರ್ಟ್‌ನಲ್ಲಿ ಮಾತಾಡಿಕೊಂಡ ಸುದ್ದಿ. ನಿಮ್ಮ ಪ್ರೋಗ್ರಾಂ ಬರೋದು 9042ರಲ್ಲಿ. ಒಳಗಿನವರು ಪರಸ್ಪರ ಕ್ಷೇಮ ಅಂದಮಾತ್ರಕ್ಕೆ ಹೊರಗಿನವರಿಗೆ ಬಾಗಿಲು ತೆರೆದಿದೆ ಅಂತ ಅಲ್ಲ.

ಈ ಪಾಠಕ್ಕೆ ನಾನು ಎರಡು ದಿನ ತೆತ್ತಿದ್ದೇನೆ. ನನ್ನದು ಡಾಕರ್ ಅಲ್ಲ, ಬಾಡಿಗೆಯ ಕ್ಲೌಡ್ ಸರ್ವರ್. ಆಫೀಸಿನ ಲ್ಯಾಪ್‌ಟಾಪ್‌ನಿಂದ ಪಬ್ಲಿಕ್ ಅಡ್ರೆಸ್‌ಗೆ ಹೋಗುತ್ತಿದ್ದೆ, ಪೀರ್ಸ್ ಟೇಬಲ್ 10ರಿಂದ ಶುರುವಾಗುವ ಪ್ರೈವೇಟ್ ಅಡ್ರೆಸ್ ಕೊಡುತ್ತಿತ್ತು. ನಾನು ಫೈರ್‌ವಾಲ್ ಮೇಲೆ ಗುಮಾನಿ ಪಟ್ಟು ಒಂದೊಂದೇ ಪೋರ್ಟ್ ತೆರೆಯುತ್ತಾ ಹೋದೆ. ಮಾಡಬಾರದ ಕೆಲಸ, ಅದಕ್ಕೆ ಆಮೇಲೆ ಬರುತ್ತೇನೆ. ಉತ್ತರ ಮೊದಲ ದಿನದಿಂದಲೂ ಡ್ರೈವರ್ ಲಾಗ್‌ನಲ್ಲಿ ಇತ್ತು. ಗ್ರೀಕರ ಕಥೆಯಲ್ಲಿ ಕ್ಯಾಸಾಂಡ್ರಾ ಅನ್ನುವವಳು ಮುಂದಾಗುವುದನ್ನು ಸರಿಯಾಗಿ ಹೇಳುತ್ತಾಳೆ, ಯಾರೂ ನಂಬೋದಿಲ್ಲ. ಈ ಡೇಟಾಬೇಸ್‌ನ ಲಾಗ್ ಫೈಲ್‌ಗೂ ಅದೇ ಶಾಪ ಇದ್ದ ಹಾಗಿದೆ.

ಈಗ ಸರಿ ಮಾಡೋದು ಹೇಗೆ? ನನ್ನ ಮಟ್ಟಿಗೆ ಒಂದೇ ಒಳ್ಳೆ ದಾರಿ: ಪ್ರೋಗ್ರಾಂ ಅನ್ನೂ ಗೇಟ್ ಒಳಗೆ ಕರೆದುಕೊಳ್ಳಿ. ಕಂಟೇನರ್‌ಗಳನ್ನೆಲ್ಲ ಒಟ್ಟಿಗೆ ಬರೆದಿಡುವ ಡಾಕರ್ ಕಂಪೋಸ್ ಫೈಲ್‌ನಲ್ಲಿ ನಾಲ್ಕನೆಯ ಸರ್ವಿಸ್ ಆಗಿ ನಿಮ್ಮ ಪೈಥಾನ್ ಪ್ರೋಗ್ರಾಂ ಸೇರಿಸಿ, ಅದೇ ನೆಟ್‌ವರ್ಕ್‌ನಲ್ಲಿ ಇಡಿ. 127.0.0.1 ಬದಲು ಮೂರು ಕಂಟೇನರ್‌ಗಳ ಹೆಸರನ್ನೂ ಮೊದಲ ಬಾಗಿಲುಗಳಾಗಿ ಕೊಡಿ. ಮೂರನ್ನೂ ಯಾಕೆ ಅಂದರೆ, ಪ್ರೋಗ್ರಾಂ ಶುರುವಾಗುವ ಹೊತ್ತಿಗೆ ಒಂದು ಬಿದ್ದಿದ್ದರೆ ಇನ್ನೊಂದರಿಂದ ಪಟ್ಟಿ ಸಿಗಬೇಕಲ್ಲ. ಇಷ್ಟು ಮಾಡಿದರೆ 172.18 ಅಡ್ರೆಸ್‌ಗಳೆಲ್ಲ ತಾವಾಗಿ ಸಿಗುತ್ತವೆ.

ಹೊರಗಿಂದಲೇ ಓಡಿಸಬೇಕು, ಡೀಬಗರ್ ಹಾಕಬೇಕು ಅನ್ನುವುದಾದರೆ ಸಿಸಿಎಂ ಅಂತ ಒಂದು ಸಣ್ಣ ಟೂಲ್ ಇದೆ. ಡಾಕರ್ ಇಲ್ಲದೆ ಒಂದೇ ಮಷೀನ್‌ನಲ್ಲಿ 127.0.0.1, 127.0.0.2, 127.0.0.3 ಅಂತ ಮೂರು ನೋಡ್ ಎಬ್ಬಿಸುತ್ತದೆ. ಮ್ಯಾಕ್‌ನಲ್ಲಿ ಮೊದಲನೆಯದು ಬಿಟ್ಟು ಉಳಿದ ಎರಡು ಅಡ್ರೆಸ್‌ಗಳನ್ನು ಲೂಪ್‌ಬ್ಯಾಕ್‌ಗೆ (ಮಷೀನ್ ತನ್ನ ಜೊತೆಗೇ ಮಾತಾಡುವ ದಾರಿ) ಅಲಿಯಾಸ್ ಆಗಿ ನೀವೇ ಸೇರಿಸಬೇಕು, ರೀಸ್ಟಾರ್ಟ್ ಆದಾಗ ಮತ್ತೆ ಸೇರಿಸಬೇಕು. ಡ್ರೈವರ್‌ಗೆ ಅಡ್ರೆಸ್ ಅನುವಾದ ಮಾಡುವ ಕೋಡ್ ಬರೆದುಕೊಡೋದೂ ಸಾಧ್ಯ. ಕಲಿಯುವ ಹಂತದಲ್ಲಿ ಆ ತಲೆನೋವು ಬೇಡ.

ಬಹಳ ಜನ ಮಾಡುವ ಒಂದು ಪ್ರಯತ್ನ ಹೇಳಿಬಿಡುತ್ತೇನೆ, ನೀವೂ ಇವತ್ತು ರಾತ್ರಿ ಅದನ್ನೇ ಮಾಡುತ್ತೀರಿ ಅನ್ನಿಸುತ್ತಿದೆ: ಮೂರಕ್ಕೂ ಹೊರಗೆ 9042, 9043, 9044 ಕೊಟ್ಟು, ಮೂರೂ ತಮ್ಮ ಅಡ್ರೆಸ್ 127.0.0.1 ಅಂತ ಸಾರುವ ಹಾಗೆ ಮಾಡೋದು. ಹಳೆಯ ಆವೃತ್ತಿಗಳಲ್ಲಿ ಪೀರ್ಸ್ ಟೇಬಲ್‌ನಲ್ಲಿ ಪೋರ್ಟ್ ನಂಬರೇ ಇರಲಿಲ್ಲ. 4.0ರಿಂದ ಇದೆ. ಆದರೆ ನೋಡ್‌ಗೆ ಗೊತ್ತಿರೋದು ತನ್ನ ಒಳಗಿನ ಪೋರ್ಟ್ ಮಾತ್ರ. ಡಾಕರ್ ಹೊರಗೆ ಅದನ್ನು 9043 ಮಾಡಿದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ಮೂರೂ 127.0.0.1, 9042 ಅಂತಲೇ ಹೇಳುತ್ತವೆ. ಪ್ರತಿ ನೋಡ್ ಒಳಗೂ ಬೇರೆ ಬೇರೆ ಪೋರ್ಟ್ ಸೆಟ್ ಮಾಡಿದರೆ ಮಾತ್ರ ಇದು ಒಂದು ದಾರಿಗೆ ಬರುತ್ತದೆ.

ಅಡ್ರೆಸ್‌ಗೆ ಸಂಬಂಧಪಟ್ಟ ಸೆಟ್ಟಿಂಗ್‌ಗಳ ಹೆಸರು ತಲೆ ತಿರುಗಿಸುತ್ತವೆ, ಹಾಗಾಗಿ ಒಂದು ಮಾತು. ಕ್ಯಾಸಾಂಡ್ರಾದ ಯಾಮಲ್ ಫೈಲ್‌ನಲ್ಲಿ 'ಲಿಸನ್ ಅಡ್ರೆಸ್' ಅಂದರೆ ನೋಡ್‌ಗಳು ಒಂದಕ್ಕೊಂದು ಮಾತಾಡುವುದು. 'ಆರ್‌ಪಿಸಿ ಅಡ್ರೆಸ್' ಅಂದರೆ ನಿಮ್ಮ ಪ್ರೋಗ್ರಾಂ ಬರುವ ಬಾಗಿಲು. ಡಾಕರ್ ಇಲ್ಲದೆ ಹಾಗೇ ಇನ್‌ಸ್ಟಾಲ್ ಮಾಡಿದರೆ ಇದು ಲೋಕಲ್‌ಹೋಸ್ಟ್‌ಗೆ ಕಟ್ಟಿರುತ್ತದೆ. ಬೇರೆ ಮಷೀನ್‌ನಿಂದ ಕನೆಕ್ಷನ್ ರೆಫ್ಯೂಸ್ಡ್ ಬರುವುದಕ್ಕೆ ಇದು ಒಂದು ದೊಡ್ಡ ಕಾರಣ. ಅದನ್ನು 0.0.0.0 ಮಾಡಿದರೆ 'ಬ್ರಾಡ್‌ಕಾಸ್ಟ್ ಆರ್‌ಪಿಸಿ ಅಡ್ರೆಸ್' ಕೊಡಲೇಬೇಕು, ಇಲ್ಲದಿದ್ದರೆ ನೋಡ್ ಏಳೋದೇ ಇಲ್ಲ. ಪೀರ್ಸ್ ಟೇಬಲ್ ಮೂಲಕ ಡ್ರೈವರ್‌ಗೆ ಸಿಗೋದು ಈ ಬ್ರಾಡ್‌ಕಾಸ್ಟ್ ಅಡ್ರೆಸ್ಸೇ. ಡಾಕರ್‌ನಲ್ಲಿ ಇದನ್ನೆಲ್ಲ ಕಂಟೇನರ್‌ನ ಅಚ್ಚಾದ ಇಮೇಜ್ ತಾನೇ ತುಂಬಿಕೊಳ್ಳುತ್ತದೆ, ಅದಕ್ಕೇ ನಿಮಗೆ ಕಾಣಿಸಲಿಲ್ಲ.

ಅಡ್ರೆಸ್ ಸರಿ ಆದ ಮೇಲೂ ಒಂದು ನೋಡ್ ನಿಲ್ಲಿಸಿದಾಗ ಕೆಲವು ಸಾಲು ಸಿಗದೆ ಹೋಗಬಹುದು. ಕೀಸ್ಪೇಸ್ ಮಾಡುವಾಗ ಯಾವುದೋ ಟ್ಯುಟೋರಿಯಲ್ ನೋಡಿ ಸಿಂಪಲ್ ಸ್ಟ್ರಾಟಜಿ (ಪ್ರತಿಗಳನ್ನು ಎಲ್ಲಿಡಬೇಕು ಅನ್ನುವ ವಿಧಾನ), ರೆಪ್ಲಿಕೇಶನ್ ಫ್ಯಾಕ್ಟರ್ 1 ಅಂತ ಕೊಟ್ಟಿದ್ದೀರಾ? ನೋಡಿಕೊಳ್ಳಿ. 1 ಅಂದರೆ ಪ್ರತಿ ಸಾಲಿಗೂ ಒಂದೇ ಪ್ರತಿ. ಮೂರು ನೋಡ್ ಇದ್ದರೂ ಡೇಟಾ ಹಂಚಿಹೋಗಿದೆ, ನಕಲು ಇಲ್ಲ. ಒಂದು ನಿಂತರೆ ಅದರ ಪಾಲು ಮಾಯ. ನೆಟ್‌ವರ್ಕ್ ಟೊಪಾಲಜಿ ಸ್ಟ್ರಾಟಜಿ ಬಳಸಿ 3 ಕೊಡಿ, ಓದುವಾಗ ಬರೆಯುವಾಗ ಎರಡೂ ಕಡೆ ಕೋರಂ, ಅಂದರೆ ಬಹುಮತ, ಕೇಳಿ. ಮೂರರಲ್ಲಿ ಕೋರಂ ಅಂದರೆ 2. ಇಬ್ಬರಿಗೆ ಬರೆದು ಇಬ್ಬರಿಂದ ಓದಿದರೆ, ಅವರಲ್ಲಿ ಒಬ್ಬನಾದರೂ ಹೊಸದನ್ನು ಕಂಡವನಾಗಿರುತ್ತಾನೆ. ಪೈಥಾನ್ ಡ್ರೈವರ್ ತಾನಾಗಿ ಕೇಳೋದು 'ಲೋಕಲ್ ಒನ್', ಅಂದರೆ ಒಬ್ಬ ಹೂಂ ಅಂದರೆ ಸಾಕು. ಬೇಕಾದ್ದನ್ನು ನೀವೇ ಹೇಳಬೇಕು. ಈ ಸ್ಟ್ರಾಟಜಿ ಡೇಟಾ ಸೆಂಟರ್ (ನೋಡ್‌ಗಳ ಗುಂಪು) ಹೆಸರು ಕೇಳಿದಾಗ ನೋಡ್‌ಟೂಲ್ ಮೊದಲ ಸಾಲಿನಲ್ಲಿ ತೋರಿಸಿದ್ದನ್ನೇ ಅಕ್ಷರ ತಪ್ಪದೆ ಕೊಡಿ. ಸಾಮಾನ್ಯವಾಗಿ ಅದು ಡೇಟಾಸೆಂಟರ್1, ನಡುವೆ ಜಾಗ ಇಲ್ಲ. ದೊಡ್ಡಕ್ಷರ ಚಿಕ್ಕಕ್ಷರ ಬದಲಾದರೂ ಅದಕ್ಕೆ ಬೇರೆ ಊರೇ.

ಇನ್ನು ಲ್ಯಾಪ್‌ಟಾಪ್ ಮೇಲೆ ಸ್ವಲ್ಪ ಕರುಣೆ ಇಡಿ. ಪ್ರತಿ ಕ್ಯಾಸಾಂಡ್ರಾವೂ ಇಡೀ ಮಷೀನ್ ತನ್ನದೇ ಅಂದುಕೊಂಡು ಮೆಮೊರಿ ಲೆಕ್ಕ ಹಾಕುತ್ತದೆ. ಮೂರು ಸೇರಿದರೆ ಯಾರೋ ಒಬ್ಬರು ಸದ್ದಿಲ್ಲದೆ ಸಾಯುತ್ತಾರೆ, ಡಾಕರ್ 137 ಅನ್ನುವ ಎಕ್ಸಿಟ್ ಕೋಡ್ ತೋರಿಸುತ್ತದೆ. ಮೆಮೊರಿಗೆ ಮಿತಿ ಹಾಕಲು ಮ್ಯಾಕ್ಸ್ ಹೀಪ್ ಸೈಜ್ 512 ಎಂಬಿ, ಹೀಪ್ ನ್ಯೂ ಸೈಜ್ 100 ಎಂಬಿ ಅಂತ ಎರಡನ್ನೂ ಒಟ್ಟಿಗೆ ಕೊಡಿ. ಕಲಿಯೋಕೆ ಅಷ್ಟು ಸಾಕು. ಮೂರನ್ನೂ ಒಟ್ಟಿಗೆ ಎಬ್ಬಿಸಬೇಡಿ. ಮೊದಲನೆಯದು ಯುಎನ್ ಆಗಲಿ, ಆಮೇಲೆ ಎರಡನೆಯದು. ಒಬ್ಬರು ಗುಂಪಿಗೆ ಸೇರುತ್ತಿರುವಾಗ ಇನ್ನೊಬ್ಬರು ನುಗ್ಗಿದರೆ ಕ್ಯಾಸಾಂಡ್ರಾ ತಡೆದುಬಿಡುತ್ತದೆ. ಕಂಟೇನರ್ ಎದ್ದ ಕೂಡಲೇ ಕನೆಕ್ಟ್ ಮಾಡಿ ಆಗಲಿಲ್ಲ ಅಂತಲೂ ಗಾಬರಿ ಬೇಡ. ಒಂದು ನಿಮಿಷ ಹಿಡಿಯುತ್ತದೆ, ಒಂದು ಕಾಫಿಗೆ ಹಾಲು ಕಾಯಿಸುವಷ್ಟು. ಲಾಗ್‌ನಲ್ಲಿ 'ಸ್ಟಾರ್ಟಿಂಗ್ ಲಿಸನಿಂಗ್ ಫಾರ್ ಸಿಕ್ಯೂಎಲ್ ಕ್ಲೈಂಟ್ಸ್' ಅಂತ ಬಂದ ಮೇಲೆ ಹೋಗಿ.

ಪೈಥಾನ್ 3.12 ಅಥವಾ ಅದಕ್ಕಿಂತ ಹೊಸದಾದರೆ, ಡ್ರೈವರ್ ಇಂಪೋರ್ಟ್ ಮಾಡುವಾಗಲೇ ತಕರಾರು ಬರಬಹುದು. ಡ್ರೈವರ್ ನೆಚ್ಚಿಕೊಂಡಿದ್ದ ಅಸಿಂಕೋರ್ ಅನ್ನುವ ಭಾಗವನ್ನು ಆ ಆವೃತ್ತಿಯಲ್ಲಿ ಪೈಥಾನ್‌ನಿಂದ ತೆಗೆದರು. ಡ್ರೈವರ್‌ನ ಹೊಸ ಆವೃತ್ತಿ ಹಾಕಿಕೊಳ್ಳಿ, ಅದರ ಬದಲು ಬಳಸುವ ಲಿಬ್‌ಇವಿ ಲೈಬ್ರರಿ ಇದೆಯಾ ನೋಡಿ.

ಪೋರ್ಟ್ ತೆರೆಯುವ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. ಇನ್‌ಸ್ಟಾಲ್ ಮಾಡಿದ ಹಾಗೇ ಬಿಟ್ಟರೆ ಕ್ಯಾಸಾಂಡ್ರಾ ಪಾಸ್‌ವರ್ಡ್ ಕೇಳುವುದಿಲ್ಲ, ಬಂದವರಿಗೆಲ್ಲ ಸ್ವಾಗತ. ಇದೇ ಸ್ಥಿತಿಯಲ್ಲಿ ಕ್ಲೌಡ್‌ನಲ್ಲಿ 9042 ಅನ್ನು ಇಡೀ ಇಂಟರ್‌ನೆಟ್‌ಗೆ ತೆರೆದರೆ ಮನೆಗೆ ಬೀಗ ಹಾಕದೆ ಜಾತ್ರೆಗೆ ಹೋದ ಹಾಗೆ. 2020ರಲ್ಲಿ 'ಮಿಯಾಂವ್' ಅಂತ ಹೆಸರು ಬಿದ್ದ ದಾಳಿಯಲ್ಲಿ ಹೀಗೆ ಬೀಗವಿಲ್ಲದ ಡೇಟಾಬೇಸ್‌ಗಳನ್ನು ಹುಡುಕಿ ಹುಡುಕಿ ಅಳಿಸಿದರು. ಹೆಚ್ಚಾಗಿ ಸಿಕ್ಕಿಬಿದ್ದಿದ್ದು ಎಲಾಸ್ಟಿಕ್‌ಸರ್ಚ್ ಮತ್ತು ಮೊಂಗೋಡಿಬಿ, ಆದರೆ ಕಾರಣ ಎಲ್ಲರಿಗೂ ಒಂದೇ. ನನ್ನ ಆ ಎರಡು ದಿನಗಳಲ್ಲಿ ಯಾರೂ ಬರಲಿಲ್ಲ ಅನ್ನೋದು ಬರೀ ಅದೃಷ್ಟ.

ಪಾಸ್‌ವರ್ಡ್ ಹಾಕುವಾಗಲೂ ಒಂದು ಗುಂಡಿ ಇದೆ, ಅದರಲ್ಲಿ ನಾನೇ ಬಿದ್ದಿದ್ದೇನೆ. ಯೂಸರ್‌ಗಳ ಮಾಹಿತಿ ಇರೋದು ಸಿಸ್ಟಂ ಆಥ್ ಅನ್ನುವ ಕೀಸ್ಪೇಸ್‌ನಲ್ಲಿ. ಅದರ ರೆಪ್ಲಿಕೇಶನ್ ಫ್ಯಾಕ್ಟರ್ ಮೊದಲಿಗೆ 1. ನಾವು ನಮ್ಮ ಡೇಟಾಗೆ ಜೋಪಾನವಾಗಿ 3 ಕೊಟ್ಟಿದ್ದೆವು, ಇದನ್ನು ಮರೆತೆವು. ಒಂದು ರಾತ್ರಿ ಒಂದು ನೋಡ್ ಬಿತ್ತು. ಡೇಟಾ ಎಲ್ಲ ಇತ್ತು, ಎರಡೆರಡು ಪ್ರತಿ ಇತ್ತು. ಆದರೆ ಲಾಗಿನ್ ಆಗೋಕೆ ಬೇಕಾದ ಸಾಲು ಬಿದ್ದ ನೋಡ್‌ನಲ್ಲಿತ್ತು. ತಿಜೋರಿ ಭದ್ರ, ಕೀಲಿ ಬಾವಿಯಲ್ಲಿ. ಪಾಸ್‌ವರ್ಡ್ ಶುರು ಮಾಡಿದ ದಿನವೇ ಅದನ್ನೂ 3 ಮಾಡಿ, ನೋಡ್‌ಟೂಲ್‌ನಿಂದ ಆ ಕೀಸ್ಪೇಸ್‌ಗೆ ಎಲ್ಲ ನೋಡ್‌ಗಳಲ್ಲಿ ರಿಪೇರ್ (ಪ್ರತಿಗಳನ್ನು ಸರಿಹೊಂದಿಸುವ ಕೆಲಸ) ಓಡಿಸಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ನಿಮ್ಮದು ಸಣ್ಣ ಅಂಗಡಿಯ ಲೆಕ್ಕದ ಆ್ಯಪ್ ಆಗಿದ್ದರೆ ಇದಾವುದೂ ಬೇಡ, ಪೋಸ್ಟ್‌ಗ್ರೆಸ್ ಡೇಟಾಬೇಸ್ ಹಾಕಿ ನೆಮ್ಮದಿಯಾಗಿ ನಿದ್ದೆ ಮಾಡಿ. ಕ್ಯಾಸಾಂಡ್ರಾ ಹುಟ್ಟಿದ್ದು ಫೇಸ್‌ಬುಕ್‌ನಲ್ಲಿ, ಇನ್‌ಬಾಕ್ಸ್ ಹುಡುಕಾಟಕ್ಕೆ. ಅವಿನಾಶ್ ಲಕ್ಷ್ಮಣ್ ಮತ್ತು ಪ್ರಶಾಂತ್ ಮಲಿಕ್ ಕಟ್ಟಿದರು, 2008ರಲ್ಲಿ ಓಪನ್ ಸೋರ್ಸ್ ಆಯಿತು. ಅಂಥ ರಾಶಿ ಡೇಟಾಗೆ ಹೊಲಿದ ಅಂಗಿ ಇದು. ಎರಡು ಟೇಬಲ್ ಜೋಡಿಸಿ ಕೇಳುವ ಜಾಯಿನ್ ಇಲ್ಲ, ಯಾವ ಪ್ರಶ್ನೆ ಕೇಳುತ್ತೀರಿ ಅಂತ ಮೊದಲೇ ಯೋಚಿಸಿ ಟೇಬಲ್ ಮಾಡಬೇಕು. ಕಲಿಯೋಕೆ ಅಂದರೆ ಮಾತ್ರ ಬೇರೆ ಮಾತು, ಖಂಡಿತ ಕಲಿಯಿರಿ.

ಈಗ ಪ್ರೋಗ್ರಾಂ ಒಳಗೆ ತಂದು, 3 ಮತ್ತು ಕೋರಂ ಹಾಕಿ, ಮೊದಲನೆಯ ಕಂಟೇನರ್ ಮತ್ತೆ ನಿಲ್ಲಿಸಿ ನೋಡಿ. ಓದು ಬರಹ ಎರಡೂ ನಡೆಯಬೇಕು. ಆಮೇಲೆ ಎರಡನೆಯದನ್ನೂ ನಿಲ್ಲಿಸಿ. ಈ ಸಲ 'ಅನವೈಲಬಲ್' ಅಂತ ಎರರ್ ಬರಬೇಕು: ಬೇಕಾದ್ದು 2, ಇರೋದು 1. ಅದು ಬಂದರೆ ನಿಮ್ಮ ಕ್ಲಸ್ಟರ್, ಅಂದರೆ ಈ ಮೂರು ನೋಡ್‌ಗಳ ಗುಂಪು, ಸರಿಯಾಗಿ ಕೂತಿದೆ ಅಂತ ಅರ್ಥ. ಬರದೆ ಎಲ್ಲ ಸಲೀಸಾಗಿ ನಡೆದುಬಿಟ್ಟರೆ ಕೋರಂ ಎಲ್ಲೋ ಹತ್ತಿಲ್ಲ, ಕೋಡ್ ಇನ್ನೊಮ್ಮೆ ನೋಡಿ.