ಕಾಸರಗೋಡಲ್ಲಿ ಮನೆಮಾತು ಬೇರೆ, ಬರೆಯುವ ಭಾಷೆ ಬೇರೆ

ಎರಡನೇ ಭಾಷೆಯಲ್ಲಿ ಜನ ಹೇಗೆ ಬರೀತಾರೆ ಅಂತ ಸ್ಟಡಿ ಮಾಡ್ಲಿಕ್ಕೆ ಕಾಸರಗೋಡಿಗೆ ಬಂದ್ರೆ ಆಗ್ತದಾ ಅಂತ ಕೇಳಿದ್ರಿ. ಖಂಡಿತ ಬನ್ನಿ, ಇದಕ್ಕಿಂತ ಒಳ್ಳೆ ಜಾಗ ಸಿಗುದು ಕಷ್ಟ. ಆದ್ರೆ ನಿಮ್ಮ ಫಾರ್ಮಲ್ಲಿ ಮೊದಲ ಭಾಷೆ, ಎರಡನೇ ಭಾಷೆ ಅಂತ ಬರೀ ಎರಡು ಕಾಲಂ ಇದ್ರೆ ಇಲ್ಲಿಯವರಿಗೆ ಅದನ್ನು ತುಂಬಿಸ್ಲಿಕ್ಕೆ ಆಗುದಿಲ್ಲ.

ಯಾಕೆ ಅಂದ್ರೆ, ಮಂಜೇಶ್ವರ ಕಡೆಯ ಒಂದು ಹುಡುಗಿಯನ್ನು ತಗೊಳ್ಳಿ, ಮನೇಲಿ ತುಳು, ಶಾಲೆ ಕನ್ನಡ ಮೀಡಿಯಂ, ಪೇಟೆಗೆ ಹೋದ್ರೆ ಮಲಯಾಳ, ಪಕ್ಕದ ಮನೆಯವರು ಬ್ಯಾರಿ ಮಾತಾಡುವವರು, ಕಾಲೇಜಿಗೆ ಹೋದ ಮೇಲೆ ಇಂಗ್ಲಿಷ್. ಅವಳು ಮಾತು ಕಲಿತದ್ದು ತುಳುವಲ್ಲಿ, ಆದ್ರೆ ಅಕ್ಷರ ಕಲಿತದ್ದು ಕನ್ನಡದಲ್ಲಿ, ತುಳು ಬರೆಯುದಾದ್ರೂ ಕನ್ನಡ ಲಿಪಿಯಲ್ಲೇ ಬರೆಯುದು. ಮಾತಿಗೆ ಎರಡನೇದಾದ ಭಾಷೆ ಅವಳ ಬರವಣಿಗೆಗೆ ಮೊದಲನೇದು. ಇದು ಈಗಿನ ಕಥೆ ಅಲ್ಲ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಬರೆದದ್ದು ಕನ್ನಡ, 1949ರಲ್ಲಿ ಆಗಿನ ಮದ್ರಾಸ್ ಸರ್ಕಾರ ಅವರಿಗೆ ರಾಷ್ಟ್ರಕವಿ ಬಿರುದು ಕೊಟ್ಟಿತು. ಕಯ್ಯಾರ ಕಿಞ್ಞಣ್ಣ ರೈಗಳು ತುಳುವರು, ಕನ್ನಡದಲ್ಲೂ ಬರೆದ್ರು ತುಳುವಲ್ಲೂ ಬರೆದ್ರು. ಹಾಗಾಗಿ ಎರಡನೇ ಭಾಷೆಯ ಬರಹ ಅಂದ್ರೆ ಒಂದು ಮೆಟ್ಟಿಲು ಕೆಳಗಿನ ಬರಹ ಅಂತ ಮೊದಲೇ ನಿರ್ಧಾರ ಮಾಡಿ ಬರಬೇಡಿ, ಅದೊಂದು ನನ್ನ ವಿನಂತಿ.

ಇನ್ನು ಸರ್ಕಾರಿ ಆಫೀಸಿಗೆ ಬರೆಯುವ ವಿಷಯ. 1956ರ ವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರು, ಆ ವರ್ಷ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿದ್ದು, 1984ರಲ್ಲಿ ಕಾಸರಗೋಡೇ ಜಿಲ್ಲೆ ಆಯ್ತು. ಕೇರಳದ 1969ರ ಆಡಳಿತ ಭಾಷೆ ಕಾನೂನಿನಲ್ಲಿ ಕನ್ನಡ ಅಲ್ಪಸಂಖ್ಯಾತರು ಕನ್ನಡದಲ್ಲೇ ಸರ್ಕಾರಕ್ಕೆ ಬರೀಬಹುದು, ಕನ್ನಡದಲ್ಲೇ ಉತ್ತರ ಸಿಗಬೇಕು ಅಂತ ಉಂಟು. ಆದ್ರೂ ಕೆಲಸ ಬೇಗ ಆಗ್ಲಿ ಅಂತ ಎಷ್ಟೋ ಜನ ಮಲಯಾಳ ಗೊತ್ತಿರುವವರ ಹತ್ರ ಅರ್ಜಿ ಬರೆಸಿ ಸೈನ್ ಹಾಕ್ತಾರೆ. ಅರ್ಜಿ ಒಟ್ಟು ಮಾಡುವಾಗ ಬರೆದವರು ಯಾರು ಅಂತ ಕೇಳ್ಲೇಬೇಕು, ಸೈನ್ ನೋಡಿ ನಂಬಬೇಡಿ.

ತಪ್ಪುಗಳ ವಿಷಯಕ್ಕೆ ಬರ್ತೇನೆ, ನನಗೆ ಹೆಚ್ಚು ಹೇಳ್ಲಿಕ್ಕಿರುದು ಅಲ್ಲೇ. ಮನೇಲಿ ಮಲಯಾಳ ಮಾತಾಡುವ ಮಕ್ಕಳ ಕನ್ನಡದಲ್ಲಿ ಕ್ರಿಯಾಪದದ ಕೊನೆ ನೋಡಿ. ಮಲಯಾಳದಲ್ಲಿ ಅವನ್ ವನ್ನು, ಅವಳ್ ವನ್ನು, ಅವರ್ ವನ್ನು, ಎಲ್ಲದಕ್ಕೂ ಒಂದೇ ರೂಪ. ಕನ್ನಡದಲ್ಲಿ ಬಂದ, ಬಂದಳು, ಬಂದರು, ಬಂತು ಅಂತ ಪ್ರತಿ ಸಲ ಬದಲಾಯಿಸ್ಬೇಕು. ತುಳುವಲ್ಲಿ ಕನ್ನಡದ ಹಾಗೆ ಬದಲಾಗ್ತದೆ, ಹಾಗಾಗಿ ತುಳು ಮಕ್ಕಳಿಗೆ ಇದೊಂದು ಸಮಸ್ಯೆಯೇ ಅಲ್ಲ. ಒಂದೇ ಕ್ಲಾಸು, ಒಂದೇ ಟೀಚರು, ಆದ್ರೆ ತೊಡಕು ಬೇರೆ ಬೇರೆ. ಇಂಥದ್ದು ಸಿಕ್ಕಿದ್ರೆ ಮನೆಮಾತಿನ ಪ್ರಭಾವ ಅಂತ ಧೈರ್ಯವಾಗಿ ಬರೀಬಹುದು. ಆದ್ರೆ "ಬಾಷೆ", "ವಿದ್ಯಾರ್ತಿ" ಅಂತ ಮಹಾಪ್ರಾಣ ಬಿಟ್ಟದ್ದು ಕಂಡ ಕೂಡ್ಲೇ ತುಳು ಪ್ರಭಾವ ಅಂತ ಬರೀಬೇಡಿ ಮಾರಾಯ್ರೆ, ಮಂಡ್ಯದಲ್ಲಿ ಕನ್ನಡ ಬಿಟ್ಟು ಬೇರೇನೂ ಮಾತಾಡದ ಮಕ್ಕಳೂ ಹಾಗೇ ಬರೀತಾರೆ. ಹೋಲಿಸ್ಲಿಕ್ಕೆ ಮನೆಮಾತು ಕನ್ನಡ ಇರುವ ಮಕ್ಕಳ ಬರಹವೂ ನಿಮ್ಮ ಹತ್ರ ಇರ್ಬೇಕು. ಮತ್ತೆ, ಬರೆದವರೇ ಓದಿ ತಿದ್ದಿಕೊಂಡ್ರೆ ಅದು ಕೈತಪ್ಪು, ಎಷ್ಟು ಓದಿದ್ರೂ ಸರಿ ಅಂತಲೇ ಕಂಡ್ರೆ ಅದು ಕಲಿಕೆಯ ಒಂದು ಹಂತ, 1967ರಲ್ಲೇ ಭಾಷಾವಿಜ್ಞಾನಿ ಪಿಟ್ ಕಾರ್ಡರ್ ಮಾಡಿದ ವ್ಯತ್ಯಾಸ ಇದು, ಬರೀ ಪೇಪರ್ ನೋಡಿದ್ರೆ ಎರಡೂ ಒಂದೇ ಥರ ಕಾಣ್ತದೆ.

ತಪ್ಪು ಇಲ್ಲದ ಪೇಪರನ್ನೂ ಹಾಗೇ ನಂಬ್ಲಿಕ್ಕಾಗುದಿಲ್ಲ. ಎರಡನೇ ಭಾಷೆಯ ಕಲಿಕೆಯನ್ನು ಸ್ಟಡಿ ಮಾಡಿದ ಜಾಕ್ವೆಲಿನ್ ಶಾಕ್ಟರ್ 1974ರಲ್ಲಿ ತೋರಿಸಿದ್ದು ಅದನ್ನೇ: ಇಂಗ್ಲಿಷ್ ಕಲಿಯುವ ಚೀನಿ, ಜಪಾನಿ ವಿದ್ಯಾರ್ಥಿಗಳು ಸಂಬಂಧ ಸೂಚಿಸುವ ಉಪವಾಕ್ಯಗಳಲ್ಲಿ ("the boy who came" ಅನ್ನುವಂಥದ್ದು) ಕಡಿಮೆ ತಪ್ಪು ಮಾಡಿದ್ರು, ಯಾಕೆ ಅಂದ್ರೆ ಅಂಥ ವಾಕ್ಯ ಬರೆದದ್ದೇ ಕಡಿಮೆ, ಪರ್ಷಿಯನ್ ಮತ್ತು ಅರೇಬಿಕ್ ಮಾತಾಡುವವರು ಹೆಚ್ಚು ಬರೆದು ಹೆಚ್ಚು ತಪ್ಪಿದ್ರು. ಇಲ್ಲಿಯ ಪರೀಕ್ಷೆ ಪೇಪರಲ್ಲೂ ಹಾಗೇ, ಮಕ್ಕಳು ಬಾಯಿಪಾಠ ಮಾಡಿದ ಸಣ್ಣ ಸಣ್ಣ ವಾಕ್ಯ ಬರೆದು ಬಚಾವಾಗ್ತಾರೆ. ಅದೇ ಮಗು ಫ್ರೆಂಡಿಗೆ ಜಗಳದ ವಿಷಯ ಮೆಸೇಜ್ ಮಾಡುವಾಗ ಉದ್ದುದ್ದ ಬರೀತದೆ, ಅರ್ಧ ತುಳು ಅರ್ಧ ಕನ್ನಡ, ಆ ಮಗುವಿಗೆ ನಿಜವಾಗಿ ಎಂತೆಲ್ಲ ಬರ್ತದೆ ಅಂತ ಅಲ್ಲಿ ಗೊತ್ತಾಗ್ತದೆ. ಒಂದೇ ಮಗುವಿನಿಂದ ಎರಡೂ ತಗೊಳ್ಳಿ, ಮನೆಯವರ ಒಪ್ಪಿಗೆ ಕೇಳಿ, ಹೆಸರು ತೆಗೆದು.

ಕನ್ನಡದವರು ಮಲಯಾಳ ಬರೆಯುದನ್ನೂ ಸೇರಿಸಿದ್ರೆ ಒಳ್ಳೇದು, ಆದ್ರೆ ಸ್ವಲ್ಪ ನಾಜೂಕಾಗಿ ಕೇಳಿ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಲಿಸುದು ಕಡ್ಡಾಯ ಅಂತ ಕೇರಳದ ಕಾನೂನು ಬಂದಾಗ ಇಲ್ಲಿ ಜೋರು ಪ್ರತಿಭಟನೆ ಆಗಿತ್ತು, ಮಲಯಾಳ ಬೇಡ ಅಂತ ಅಲ್ಲ, ನಮ್ಮ ಮಕ್ಕಳ ಕನ್ನಡ ಹೋಗ್ತದಲ್ಲ ಅಂತ ಹೆದರಿಕೆ, ಅದು ನನಗೂ ಉಂಟು. ನೀವು ಮಲಯಾಳ ಪರೀಕ್ಷೆ ಮಾಡ್ಲಿಕ್ಕೆ ಬಂದವರು ಅಂತ ಅನಿಸಿದ್ರೆ ಯಾರೂ ಮನಸ್ಸು ಬಿಚ್ಚಿ ಬರೆಯುದಿಲ್ಲ.

ಕೊನೆಗೆ, ಓದುವಾಗ ಒಬ್ಬರೇ ಕೂರಬೇಡಿ. ತುಳು ಬರುವ ಒಬ್ಬರು, ಮಲಯಾಳ ಬರುವ ಒಬ್ಬರು ಜೊತೆಗೆ ಬೇಕು, ಯಾವ ವಾಕ್ಯ ಎಲ್ಲಿಂದ ಬಂತು ಅಂತ ಅವರಿಗೆ ಕೂಡ್ಲೇ ಗೊತ್ತಾಗ್ತದೆ. ಶಾಲೆ ಶುರುವಾಗಿ ಮಳೆ ಸ್ವಲ್ಪ ಕಡಿಮೆ ಆದ ಮೇಲೆ ಬನ್ನಿ, ಆಗ ಟೀಚರ್‌ಗಳಿಗೂ ಮಾತಾಡ್ಲಿಕ್ಕೆ ಪುರುಸೊತ್ತಿರ್ತದೆ.