ಸೂತ್ರ ಬಿಡಿ, ಮೂಸೆಯನ್ನು ಇನ್ನೊಂದು ಸಲ ಕಾಯಿಸಿ

ಕಾಪರ್ ಸಲ್ಫೇಟ್ ಹರಳು ಕಾಯಿಸಿ ತೂಗಿದಾಗ ಒಂದು ಕಾಪರ್ ಸಲ್ಫೇಟಿಗೆ 5 ನೀರಿನ ಅಣು ಬರಬೇಕಿತ್ತು, 4.3 ಬಂತು, ಬೇರೆ ಸೂತ್ರ ಇದೆಯಾ ಅಂತ ಕೇಳಿದ್ದೀರಿ. ಅಯ್ಯೋ, ನನಗೆ ಬಂದಿದ್ದು 4.25!

ಬಿಎಸ್ಸಿ ಮೊದಲ ವರ್ಷ. ನಮ್ಮ ಅಡಿಕೆ ತೋಟಕ್ಕೆ ಬೋರ್ಡೋ (ಕೊಳೆರೋಗಕ್ಕೆ ಹೊಡೆಯುವ ಔಷಧಿ) ಕಲೆಸುವ ಮೈಲುತುತ್ತವೇ ಅಲ್ವಾ ಈ ಕಾಪರ್ ಸಲ್ಫೇಟ್ ಅಂತ ನನಗೆ ಭಾರೀ ಧೈರ್ಯ. (ಅದರ 1 ಕೆಜಿಯಲ್ಲಿ 360 ಗ್ರಾಂ ನೀರೇ ಇದೆ ಅಂದಾಗ ಅಪ್ಪ ಅಂಗಡಿಯವನಿಗೆ ಬೈದಿದ್ದರು, ಪಾಪ.) ಮೂಸೆಯಲ್ಲಿ 2.50 ಗ್ರಾಂ ಹರಳು ಹಾಕಿ ಕಾಯಿಸಿದೆ. ಮೇಲೆಲ್ಲ ಬಿಳಿಯಾಯಿತು. ನೀರು ಹೋಯಿತು ಅಂದುಕೊಂಡು ಇಳಿಸಿ, ಆರಿಸಿ ತೂಗಿದೆ, 1.69 ಗ್ರಾಂ. ಮತ್ತೆ ಕಾಯಿಸಲೇ ಇಲ್ಲ. ಕೆಟ್ಟಿದ್ದು ಅಲ್ಲೇ.

ಈ ನೀರು ಒಂದೇ ಸಲಕ್ಕೆ ಹೋಗುವುದಿಲ್ಲ. ನಾಲ್ಕು ಅಣು ಸುಮಾರು 110 ಡಿಗ್ರಿಯೊಳಗೆ ಹೊರಡುತ್ತವೆ, ಐದನೆಯದು ಮಹಾ ಮೊಂಡ, 200ರ ಹತ್ತಿರ ಹೋಗುವವರೆಗೆ ಜಾಗ ಬಿಡುವುದಿಲ್ಲ. ಬಣ್ಣ ನೋಡಿ ಇದನ್ನು ಹೇಳಲಾಗದು. ನನ್ನ ಮೂಸೆಯ ತಳದಲ್ಲಿ ಉಳಿದಿದ್ದು ಬರೀ 0.09 ಗ್ರಾಂ ನೀರು. ಅಷ್ಟಕ್ಕೆ ಇಷ್ಟು ವ್ಯತ್ಯಾಸ ಯಾಕೆ? ಆ ನೀರು ಎರಡು ಕಡೆ ಹೊಡೆಯುತ್ತದೆ. ಹೋದ ನೀರಿನ ಲೆಕ್ಕದಲ್ಲಿ ಕಡಿಮೆಯಾಗುತ್ತದೆ, ಅದೇ ನೀರು ಉಪ್ಪಿನ (ನೀರಿಲ್ಲದ ಕಾಪರ್ ಸಲ್ಫೇಟಿನ) ತೂಕದಲ್ಲಿ ಸೇರಿಕೊಂಡು ಕೂರುತ್ತದೆ. ಹೋದ 0.81 ಗ್ರಾಂ ಅನ್ನು ನೀರಿನ ಒಂದು ಮೋಲಿನ (ಅಣುಗಳನ್ನು ಎಣಿಸುವ ಅಳತೆ) ತೂಕ 18ರಿಂದ ಭಾಗಿಸಿದರೆ 0.045 ಮೋಲ್ ನೀರು, 1.69 ಅನ್ನು ಉಪ್ಪಿನ ಒಂದು ಮೋಲಿನ ತೂಕ 159.6ರಿಂದ ಭಾಗಿಸಿದರೆ 0.0106 ಮೋಲ್ ಉಪ್ಪು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 4.25. ಭಾಗಾಕಾರ ಸರಿಯಾಗೇ ಇತ್ತು ನೋಡಿ, ಸುಳ್ಳು ಹೇಳಿದ್ದು ತಕ್ಕಡಿಗೆ ಹೋದ ಪುಡಿ. ನಾನೋ, ಆ 4.25 ಅನ್ನು 4 ಅಂತ ಸರಿಮಾಡಿ ರೆಕಾರ್ಡಿನಲ್ಲಿ ಬರೆದೆ, ಹತ್ತಕ್ಕೆ ಮೂರು ಸಿಕ್ಕಿತು.

ಹಾಗಾಗಿ ಬೇರೆ ಸೂತ್ರ ಹುಡುಕುವುದು ಸುಮ್ನೆ ದಂಡ. ಕಾಯಿಸಿ, ಡೆಸಿಕೇಟರಿನಲ್ಲಿ (ಒಳಗೆ ತೇವ ಇರದ ಮುಚ್ಚಿದ ಗಾಜಿನ ಪಾತ್ರೆ) ಆರಿಸಿ, ತೂಗಿ, ಮತ್ತೆ ಕಾಯಿಸಿ, ಎರಡು ತೂಕ ಒಂದೇ ಬರುವ ತನಕ. ಹೊರಗಿಟ್ಟು ಆರಿಸಿದರೆ ಗಾಳಿಯ ತೇವ ಕುಡಿದುಬಿಡುತ್ತದೆ, ಬಿಸಿಯಿದ್ದಾಗ ತೂಗಿದರೆ ತಕ್ಕಡಿ ಕಡಿಮೆ ತೋರಿಸುತ್ತದೆ. ಆತುರಕ್ಕೆ ಉರಿ ಜೋರು ಮಾಡಬೇಡಿ, ಉಪ್ಪೇ ಒಡೆದು ಕಪ್ಪಾದರೆ ಉತ್ತರ 5 ದಾಟುತ್ತದೆ.

ಅಂದ ಹಾಗೆ, ನೀವು ಎರಡನೇ ಸಲ ತೂಗಿದ್ದೀರಾ? ಆ ಅಂಕಿ ಇದ್ದರೆ ಹಾಕಿ, ನೋಡೋಣ.