ಸ್ನಾಯುವಿಲ್ಲದ ಜೀವಕೋಶ ತೆವಳುವ ಬಗೆ
ಮಾನ್ಯರೇ, ಸಕಲೇಶಪುರದ ತೋಟದಲ್ಲಿ ಕಾಫಿ ಗಿಡ ಸವರುವಾಗ ಕತ್ತಿ ತಗುಲಿ ಆದ ಗಾಯ ಮಾಯುತ್ತಿರುವಾಗ, ಸ್ನಾಯುವಿಲ್ಲದ ಚರ್ಮದ ಕೋಶಗಳು ಯಾವ ಬಲದಿಂದ ತೆವಳುತ್ತವೆ ಎಂದು ಕೇಳಿದ್ದೀರಿ. ಕೋಶದ ಮುಂಭಾಗದಲ್ಲಿ ಆಕ್ಟಿನ್ ಎಂಬ ಪ್ರೋಟೀನಿನ ಕಣಗಳು ಒಂದಕ್ಕೊಂದು ಸೇರಿ ಸುಮಾರು 7 ನ್ಯಾನೋಮೀಟರ್ ದಪ್ಪದ ಎಳೆಗಳಾಗುತ್ತವೆ. ಕೋಶವನ್ನು ಸುತ್ತುವರಿದ ಪೊರೆಯು ಉಷ್ಣದಿಂದ ಸದಾ ಅದುರುತ್ತಿರುವುದರಿಂದ, ಎಳೆಯ ತುದಿಗೂ ಪೊರೆಗೂ ನಡುವೆ ಕ್ಷಣಕಾಲ ತೆರೆಯುವ ಸಂದಿಯೊಳಗೆ ಹೊಸ ಕಣವೊಂದು ಸೇರಿಕೊಂಡು, ಪೊರೆ ಹಿಂದಕ್ಕೆ ಬಾರದಂತೆ ತಡೆಯುತ್ತದೆ. ಒಂದೊಂದು ಎಳೆಯ ಬಲ ಕೆಲವೇ ಪಿಕೋನ್ಯೂಟನ್‌ಗಳಷ್ಟಾದರೂ (ಪಿಕೋನ್ಯೂಟನ್ ಎಂದರೆ ಬಲದ ಮಾನವಾದ ನ್ಯೂಟನ್ನಿನ ಲಕ್ಷ ಕೋಟಿಯಲ್ಲೊಂದು ಪಾಲು), ನೂರಾರು ಎಳೆಗಳು ಕೂಡಿದಾಗ ಪೊರೆ ಮುಂದೆ ಚಾಚುತ್ತದೆ. ಆದರೆ ಹಿಡಿತವಿಲ್ಲದಿದ್ದರೆ ಈ ತಳ್ಳುವಿಕೆ ವ್ಯರ್ಥ (ಪಠ್ಯಪುಸ್ತಕಗಳು ಈ ಅಂಶವನ್ನು ಏಕೋ ಅವಸರದಲ್ಲಿ ದಾಟಿಬಿಡುತ್ತವೆ): ಪೊರೆಯನ್ನು ಹಾಯ್ದು ನಿಂತ ಇಂಟೆಗ್ರಿನ್ ಪ್ರೋಟೀನುಗಳು ಒಳಗಿನ ಎಳೆಗಳನ್ನು ಹೊರಗಿನ ಕೊಲಾಜೆನ್‌ನಂತಹ ನಾರುಗಳಿಗೆ ಬಿಗಿಯುತ್ತವೆ. ಹಿಂಭಾಗವನ್ನು ಎಳೆದುಕೊಳ್ಳುವ ಕೆಲಸ ಮಯೋಸಿನ್‌ನದು. ಕೋಶದ ಇಂಧನದಂತಿರುವ ಎಟಿಪಿ ಎಂಬ ಅಣುವಿನ ಶಕ್ತಿಯಿಂದ ಆಕ್ಟಿನ್ ಎಳೆಗಳನ್ನು ಸೆಳೆಯುವ ಈ ಪ್ರೋಟೀನು, ಸ್ನಾಯುವಿನ ಮಯೋಸಿನ್‌ನ ಹತ್ತಿರದ ಸಂಬಂಧಿಯೇ.